ಒಂದು ಪಾತ್ರೆ ಬೇಯುತ್ತದೆ, ಪಕ್ಕದ್ದು ಬೇಯುವುದಿಲ್ಲ: ಹಳೇ ಹಾಸ್ಟೆಲ್ ಅಡುಗೆಮನೆಯ ಸ್ಟೀಮ್ ಲೈನ್ ಸರಿಮಾಡುವ ಬಗೆ

ದಾವಣಗೆರೆ ಹಾಸ್ಟೆಲ್‌ಗಳ ಊರು. ಮೆಡಿಕಲ್, ಎಂಜಿನಿಯರಿಂಗ್, ಪಿಯು ಅಂತ ಓದಲು ಬಂದ ಮಕ್ಕಳಿಗೆ ಹೊತ್ತು ಹೊತ್ತಿಗೆ ಊಟ ಹಾಕುವ ದೊಡ್ಡ ಅಡುಗೆಮನೆಗಳು ಇಲ್ಲಿ ಬೇಕಾದಷ್ಟಿವೆ. ಚಿತ್ರದುರ್ಗದ ಕಡೆ ಹೋದರೆ ಮಠಗಳ ದಾಸೋಹದ ಅಡುಗೆಮನೆಗಳು, ವಸತಿ ಶಾಲೆಗಳು. ಇವುಗಳಲ್ಲಿ ಹಲವು ಕಡೆ ಕಟ್ಟಡ ಹಳೆಯದು, ಸ್ಟೀಮ್ ಬಾಯ್ಲರ್ ಆಮೇಲೆ ಬಂದದ್ದು. ಮೊದಲು ಮೂರು ಪಾತ್ರೆಗೆ ಅಂತ ಎಳೆದ ಪೈಪ್ ಇರುತ್ತದೆ. ಮಕ್ಕಳು ಜಾಸ್ತಿಯಾದ ಹಾಗೆ ಅದಕ್ಕೇ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ನಾಲ್ಕನೆಯದು, ಇನ್ನೊಂದು ಎಲ್ಬೋ ಹಾಕಿ ಐದನೆಯದು ಸೇರಿಸಿರುತ್ತಾರೆ. ಕೊನೆಗೆ ಬಾಯ್ಲರ್ ಪಕ್ಕದ ಪಾತ್ರೆಯಲ್ಲಿ ಅನ್ನ ಆಗಿ ಇಳಿಸುವ ಹೊತ್ತಿಗೆ ಮೂಲೆಯ ಪಾತ್ರೆಯಲ್ಲಿ ಬೇಳೆ ಇನ್ನೂ ಗಟ್ಟಿ.

ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಬಾಯ್ಲರ್ ಪ್ರೆಷರ್ ಏರಿಸುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಗೇಜ್‌ನಲ್ಲಿ 1 ಬಾರ್ ಇದ್ದಾಗ ಸ್ಟೀಮ್ ಸುಮಾರು 120 ಡಿಗ್ರಿ ಇರುತ್ತದೆ. 2 ಬಾರ್‌ಗೆ ಏರಿಸಿದರೆ 133 ಡಿಗ್ರಿ ಚಿಲ್ಲರೆ. ಪ್ರೆಷರ್ ದುಪ್ಪಟ್ಟು, ಬಿಸಿ ಹೆಚ್ಚಿದ್ದು ಬರೀ 13 ಡಿಗ್ರಿ. ಅದರಲ್ಲೂ ಹತ್ತಿರದ ಪಾತ್ರೆಗೆ ಮೊದಲು ಸಿಗುತ್ತದೆ, ದೂರದ್ದು ದೂರದ್ದಾಗಿಯೇ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಪಾತ್ರೆ ಮತ್ತು ಪೈಪ್‌ಗಳನ್ನು ಎಷ್ಟು ಪ್ರೆಷರ್‌ಗೆ ಮಾಡಿದ್ದಾರೋ ಅದನ್ನು ದಾಟಿದರೆ ಅಡುಗೆಯವರ ಜೀವಕ್ಕೇ ಅಪಾಯ.

ಹೆಚ್ಚಿನ ಕಡೆ ದೋಷ ಇರುವುದು ಸ್ಟೀಮ್ ಬರುವ ದಾರಿಯಲ್ಲಿ ಅಲ್ಲ, ನೀರು ಮತ್ತು ಗಾಳಿ ಹೊರಗೆ ಹೋಗುವ ದಾರಿಯಲ್ಲಿ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಸುರಕ್ಷತೆ, ಮತ್ತು ಕಾನೂನು

ಬಾಯ್ಲರ್‌ಗಳಿಗೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇದೆ. 1923ರ ಹಳೇ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. 25 ಲೀಟರ್‌ಗಿಂತ ಸಣ್ಣ ಬಾಯ್ಲರ್, ಅಥವಾ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಕಮ್ಮಿ ಪ್ರೆಷರ್‌ಗೆ ಮಾಡಿ, ಅಷ್ಟರಲ್ಲೇ ನಡೆಸುವ ಬಾಯ್ಲರ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಉಳಿದವಕ್ಕೆ ನೋಂದಣಿ ಬೇಕು, ತಪಾಸಣೆ ಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ. ಕಮ್ಮಿ ಪ್ರೆಷರ್ ಅಂತ ವಿನಾಯಿತಿಯಲ್ಲಿರುವ ಬಾಯ್ಲರ್‌ನ ಪ್ರೆಷರನ್ನು ಸುಮ್ನೆ ಏರಿಸಿದರೆ ಅದು ಅಪಾಯವೂ ಹೌದು, ಕಾನೂನು ಮೀರಿದ ಹಾಗೂ ಹೌದು.

ಬಾಯ್ಲರ್, ಅದರ ಸೇಫ್ಟಿ ವಾಲ್ವ್, ಪಂಪ್, ಬರ್ನರ್‌ಗೆ ನೀವು ಕೈ ಹಾಕಬೇಡಿ. ಅದಕ್ಕೆ ತಿಳಿದವರನ್ನೇ ಕರೆಸಿ. ಪೈಪ್ ಬೆಸುಗೆ, ಹೊಸ ಜೋಡಣೆ ಕೂಡ ಸ್ಟೀಮ್ ಕೆಲಸ ಬಲ್ಲ ಫಿಟ್ಟರ್ ಮಾಡಬೇಕು. ಮನೆ ನಲ್ಲಿ ಕೆಲಸ ಮಾಡುವ ಪ್ಲಂಬರ್‌ಗೆ ಇದನ್ನು ಒಪ್ಪಿಸುವುದು ಸರಿಯಲ್ಲ. ಆದರೆ ನೋಡುವುದು, ಅಳೆಯುವುದು, ಬರೆದಿಡುವುದು, ಪೈಪಿನಲ್ಲಿ ಕಸ ತಡೆಯುವ ಜಾಲರಿ ತೊಳೆಯುವುದು, ಫಿಟ್ಟರ್‌ಗೆ ಏನು ಮಾಡಬೇಕು ಅಂತ ಸರಿಯಾಗಿ ಹೇಳುವುದು, ಇದನ್ನೆಲ್ಲ ಮೆಸ್ ನೋಡಿಕೊಳ್ಳುವವರೇ ಮಾಡಬಹುದು.

ಯಾವುದೇ ಜೋಡಣೆ ಬಿಚ್ಚುವ ಮುಂಚೆ ಸ್ಟೀಮ್ ಪೂರ್ತಿ ನಿಲ್ಲಿಸಿ, ಲೈನ್ ತಣಿಯಲು ಬಿಡಿ. ಗೇಜ್ ಸೊನ್ನೆ ತೋರಿಸಿತು ಅಂತ ನಂಬಬೇಡಿ, ಮುಳ್ಳು ಸಿಕ್ಕಿಕೊಂಡಿರಬಹುದು. ಡ್ರೈನ್ ವಾಲ್ವನ್ನು ನಿಧಾನವಾಗಿ ತೆರೆದು ಖಚಿತ ಮಾಡಿಕೊಳ್ಳಿ. ಇನ್ನೊಂದು ವಿಷಯ. ಸ್ಟೀಮ್ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುವ ಬಿಳಿ ಹೊಗೆ ಆಗಲೇ ತಣಿದು ಹನಿಯಾದದ್ದು. ಸೋರುವ ಜಾಗದ ಬಾಯಿಯ ಹತ್ತಿರ ಖಾಲಿ ಕಂಡರೂ ಅಲ್ಲೇ ಜಾಸ್ತಿ ಸುಡುತ್ತದೆ. ಅಡುಗೆಯವರಿಗೆಲ್ಲ ಇದನ್ನು ಹೇಳಿ.

ಪೈಪ್ ಒಳಗೆ ಏನು ನಡೆಯುತ್ತದೆ

ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ತರಲು ಸುಮಾರು 75 ಕಿಲೋಕ್ಯಾಲರಿ ಸಾಕು. ಅದೇ ಕುದಿನೀರನ್ನು ಸ್ಟೀಮ್ ಮಾಡಲು ಇನ್ನೂ ಸುಮಾರು 540 ಬೇಕು. ಈ 540 ಸ್ಟೀಮ್ ಒಳಗೆ ಅಡಗಿ ಕೂತಿರುತ್ತದೆ. ಸ್ಟೀಮ್ ತಣ್ಣನೆಯ ಗೋಡೆ ತಾಗಿ ಮತ್ತೆ ನೀರಾದಾಗ ಅಷ್ಟನ್ನೂ ಬಿಟ್ಟುಕೊಡುತ್ತದೆ. ಅಡುಗೆ ಬೇಯುವುದು ಈ ಬಿಸಿಯಿಂದ. ಅಂದರೆ ಪಾತ್ರೆಗೆ ಬಿಸಿ ಕೊಟ್ಟ ಪ್ರತಿ ಕಿಲೋ ಸ್ಟೀಮ್ ಒಂದು ಕಿಲೋ ನೀರನ್ನು ಹಿಂದೆ ಬಿಡುತ್ತದೆ. ಫಿಟ್ಟರ್‌ಗಳು ಅದಕ್ಕೆ ಕಂಡೆನ್ಸೇಟ್ ಅನ್ನುತ್ತಾರೆ. ಆ ನೀರು ಅಲ್ಲೇ ನಿಂತರೆ ಮುಂದಿನ ಸ್ಟೀಮ್‌ಗೆ ಜಾಗವೇ ಇಲ್ಲ.

ಗಾಳಿಯದು ಇನ್ನೊಂದು ತೊಂದರೆ. ರಾತ್ರಿ ಬಾಯ್ಲರ್ ಆರಿಸಿದಾಗ ಲೈನ್ ತಣಿಯುತ್ತದೆ, ಒಳಗಿನ ಸ್ಟೀಮ್ ನೀರಾಗುತ್ತದೆ, ಆ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ಸ್ಟೀಮ್ ಬಂದಾಗ ಈ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗಿ ಲೈನಿನ ಕೊನೆಗೆ ಅಮುಕುತ್ತದೆ. ಕೊನೇ ಪಾತ್ರೆ ಬೇಯದಿರಲು ಇದು ದೊಡ್ಡ ಕಾರಣ. ಗಾಳಿ ಬೆರೆತರೆ ಬಿಸಿಯೂ ಕುಗ್ಗುತ್ತದೆ. 1 ಬಾರ್ ಗೇಜ್ ಇದ್ದು, ಒಳಗೆ ಕಾಲು ಭಾಗ ಗಾಳಿ ಇದ್ದರೆ 120 ಡಿಗ್ರಿ ಇರಬೇಕಾದದ್ದು ಸುಮಾರು 111 ಇರುತ್ತದೆ. ಗೇಜ್ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಅಲ್ವಾ? ಅದಕ್ಕೇ ಬರೀ ಗೇಜ್ ನಂಬಬಾರದು.

ಚಳಿ ದೇಶಗಳ ಹಳೇ ಕಟ್ಟಡಗಳಲ್ಲಿ ಕೋಣೆ ಬೆಚ್ಚಗಿಡಲು ಸ್ಟೀಮ್ ರೇಡಿಯೇಟರ್ ಇಡುತ್ತಾರೆ. ಅಲ್ಲೂ ದೂರು ಇದೇ: ಒಂದು ಕೋಣೆ ಬೇಯುತ್ತದೆ, ಇನ್ನೊಂದು ಕೊರೆಯುತ್ತದೆ. ಅಲ್ಲೂ ಮೊದಲು ನೋಡುವುದು ಲೈನಿನ ಗಾಳಿ ಹೋಗುವ ವೆಂಟ್, ಪೈಪಿನ ಇಳಿಜಾರು, ಮತ್ತು ನೀರು ಬಿಟ್ಟು ಸ್ಟೀಮ್ ತಡೆಯುವ ಟ್ರ್ಯಾಪ್. ನಮ್ಮ ಊರಿನ ಬಿಸಿಲಿಗೆ ರೇಡಿಯೇಟರ್ ಬೇಕಿಲ್ಲ, ಆದರೆ ಅಡುಗೆಮನೆಯ ಸ್ಟೀಮ್‌ಗೂ ನಿಯಮ ಅದೇ.

ಹಣ ಖರ್ಚು ಮಾಡುವ ಮುಂಚೆ ಈ ಪರೀಕ್ಷೆ ಮಾಡಿ

ಅಡುಗೆ ಇಲ್ಲದ ಮಧ್ಯಾಹ್ನ ಒಂದನ್ನು ಆರಿಸಿಕೊಳ್ಳಿ. ಎಲ್ಲ ಪಾತ್ರೆಗೂ ಅಳೆದು 50 ಲೀಟರ್ ನೀರು ಹಾಕಿ. ಬಾಯ್ಲರ್ ಎಂದಿನ ಪ್ರೆಷರ್‌ಗೆ ಬರಲಿ. ಮೊದಲು ಒಂದನೇ ಪಾತ್ರೆಯ ವಾಲ್ವ್ ಮಾತ್ರ ತೆರೆಯಿರಿ. ಕುದಿ ಬರಲು ಎಷ್ಟು ನಿಮಿಷ ಆಯಿತು ಅಂತ ಬರೆಯಿರಿ. ಅದನ್ನು ಮುಚ್ಚಿ ಎರಡನೆಯದು. ಹೀಗೆ ಎಲ್ಲವನ್ನೂ ಒಂದೊಂದಾಗಿ ನೋಡಿ. ಆಮೇಲೆ ನೀರು ಬದಲಿಸಿ, ಎಲ್ಲ ವಾಲ್ವ್ ಒಟ್ಟಿಗೆ ತೆರೆದು ಮತ್ತೆ ಅಳೆಯಿರಿ. ಆಗ ಬಾಯ್ಲರ್ ಗೇಜ್ ಎಷ್ಟಕ್ಕೆ ಇಳಿಯಿತು ಅನ್ನುವುದನ್ನೂ ಗಮನಿಸಿ.

ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ನೂರು ಮೀಟರ್ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ 100 ಮುಟ್ಟಲಿಲ್ಲ ಅಂತ ಕಾಯುತ್ತಾ ಕೂರಬೇಡಿ.

ಈಗ ಬರೆದಿಟ್ಟದ್ದನ್ನು ಓದಿ. ಒಂಟಿಯಾಗಿ ತೆರೆದಾಗ ಎಲ್ಲ ಪಾತ್ರೆಯೂ ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಕುದಿದು, ಒಟ್ಟಿಗೆ ತೆರೆದಾಗ ಮಾತ್ರ ಕೊನೆಯವು ಸೋತರೆ, ತೊಂದರೆ ಸರಬರಾಜಿನದು: ಬಾಯ್ಲರ್ ಸಾಲದು, ಇಲ್ಲವೇ ಪೈಪ್ ಸಣ್ಣದು. ಒಟ್ಟಿಗೆ ತೆರೆದಾಗ ಬಾಯ್ಲರ್ ಗೇಜೇ ಬಿದ್ದುಹೋದರೆ ಬಾಯ್ಲರ್ ಸಾಲದು. ಬಾಯ್ಲರ್ ಗೇಜ್ ನಿಂತಿದ್ದು ಕೊನೆಯಲ್ಲಿ ಮಾತ್ರ ಸ್ಟೀಮ್ ಇಲ್ಲ ಅಂದರೆ ಪೈಪಿನ ದೋಷ. ಒಂಟಿಯಾಗಿ ತೆರೆದರೂ ಒಂದು ಪಾತ್ರೆ ನಿಧಾನ ಅಂದರೆ ದೋಷ ಆ ಪಾತ್ರೆಯದೇ: ಅದರ ಟ್ರ್ಯಾಪ್, ಅದರ ಗಾಳಿ, ಅದರೊಳಗೆ ಸ್ಟೀಮ್ ಬರುವ ತೂತು. ಹಾಗೆಯೇ ಬೆಳಿಗ್ಗೆ ಮಾತ್ರ ನಿಧಾನ, ಮಧ್ಯಾಹ್ನ ಸರಿ ಅಂದರೆ ಗಾಳಿ ಮೇಲೆ ಅನುಮಾನ ಇಡಿ.

ಪೈಪ್ ಬಿಸಿ ನೋಡಲು ಐಆರ್ ಥರ್ಮಾಮೀಟರ್ ಗನ್ ಒಂದಿದ್ದರೆ ಒಳ್ಳೆಯದು. ಆದರೆ ಹೊಳೆಯುವ ಸ್ಟೀಲ್ ಮೇಲೆ ನೇರವಾಗಿ ಹಿಡಿದರೆ ಅದು ತಪ್ಪು ಹೇಳುತ್ತದೆ, ನಿಜಕ್ಕಿಂತ ತುಂಬಾ ಕಮ್ಮಿ ತೋರಿಸುತ್ತದೆ. ಅಳೆಯುವ ಜಾಗದಲ್ಲಿ ಬಿಸಿ ತಡೆಯುವ ಕಪ್ಪು ಬಣ್ಣವನ್ನು ರೂಪಾಯಿ ಅಗಲಕ್ಕೆ ಬಳಿದು, ಅದರ ಮೇಲೆ ಹಿಡಿಯಿರಿ.

ನೀರಿಗೆ ದಾರಿ: ಇಳಿಜಾರು

ಹಳೇ ಕಟ್ಟಡದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಲು ಹೇಳುವುದು ಇದನ್ನೇ. ಸ್ಟೀಮ್ ಪೈಪ್ ಮಟ್ಟವಾಗಿ ಇರಬಾರದು. ಸ್ಟೀಮ್ ಹರಿಯುವ ದಿಕ್ಕಿಗೇ ಸ್ವಲ್ಪ ಇಳಿಯುತ್ತಾ ಹೋಗಬೇಕು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಾಕು. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಬಹುದು. ಉದ್ದ ಲೈನ್ ಆದರೆ ನೀರು ತುಂಬಿದ ಮಟ್ಟದ ಟ್ಯೂಬ್ ಹಿಡಿದರೆ ಇನ್ನೂ ಖಚಿತ.

ಪೈಪಿನ ಕೆಳಗೆ ನಿಂತು ಉದ್ದಕ್ಕೂ ಕಣ್ಣು ಹಾಯಿಸಿ. ಎಲ್ಲಾದರೂ ಹೊಟ್ಟೆ ಇಳಿಬಿದ್ದಿದೆಯಾ? ಕ್ಲ್ಯಾಂಪ್ ಕಿತ್ತುಬಂದಿದೆಯಾ? ಜೋತುಬಿದ್ದ ಜಾಗದಲ್ಲಿ ನೀರು ಕೆರೆ ಕಟ್ಟಿ ನಿಂತಿರುತ್ತದೆ. ಸ್ಟೀಮ್ ಪೈಪಿನಲ್ಲಿ ಸೆಕೆಂಡಿಗೆ 25 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಅದು ಈ ನೀರನ್ನು ಎತ್ತಿ ಎಲ್ಬೋಗೆ ಹೊಡೆದಾಗ ಬೆಳಿಗ್ಗೆ ಢಂ ಢಂ ಅಂತ ಸದ್ದು ಬರುತ್ತದೆ. ಆ ಸದ್ದನ್ನು ದಿನಾ ಇರೋದೇ ಅಂತ ಬಿಡಬೇಡಿ. ವಾಲ್ವ್ ಸೀಳಿಹೋಗುವುದು ಹಾಗೆಯೇ. ಸದ್ದು ಬಂದರೆ ವಾಲ್ವ್ ಮುಚ್ಚಿ, ನೀರು ಬಸಿದು, ಆಮೇಲೆ ನಿಧಾನವಾಗಿ ತೆರೆಯಿರಿ.

ಪೈಪ್ ಜೋಲುವುದಕ್ಕೆ ಹಳೇ ಕಟ್ಟಡದಲ್ಲಿ ಒಂದು ವಿಶೇಷ ಕಾರಣವಿದೆ. ದಪ್ಪ ಕಲ್ಲುಗೋಡೆ ಕೊರೆದು ಪೈಪ್ ತೂರಿಸಿ, ಸುತ್ತ ಸಿಮೆಂಟ್ ಮೆತ್ತಿರುತ್ತಾರೆ. ಕಬ್ಬಿಣ ಬಿಸಿಗೆ ಬೆಳೆಯುತ್ತದೆ. 30 ಮೀಟರ್ ಉದ್ದದ ಪೈಪ್ 25 ಡಿಗ್ರಿಯಿಂದ 120ಕ್ಕೆ ಏರಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಸಿಮೆಂಟ್‌ನಲ್ಲಿ ಬಿಗಿದಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ, ನಡುವೆ ಬಾಗುತ್ತದೆ, ಕ್ಲ್ಯಾಂಪ್ ಕೀಳುತ್ತದೆ. ಗೋಡೆ ದಾಟುವ ಕಡೆ ದೊಡ್ಡ ಪೈಪಿನ ತುಂಡೊಂದನ್ನು ತೋಳಿನಂತೆ ಕೂರಿಸಿ, ಅದರೊಳಗೆ ಸ್ಟೀಮ್ ಪೈಪ್ ಸಲೀಸಾಗಿ ಆಡುವ ಹಾಗೆ ಬಿಡಿಸಿ. ಒಂದು ಕಡೆ ಗಟ್ಟಿ ಹಿಡಿತ ಸಾಕು. ಉಳಿದ ಕಡೆ ಪೈಪ್ ಜಾರುವಂಥ ಆಧಾರ ಇರಲಿ. ಉದ್ದ ಲೈನಿಗೆ ನಡುವೆ ಒಂದು ಲೂಪ್ ಬೇಕಾಗುತ್ತದೆ. ಅದನ್ನು ನಿಲ್ಲಿಸಬೇಡಿ, ಮಲಗಿಸಿ ಹಾಕಿಸಿ. ನಿಂತ ಲೂಪ್ ಮುಂದೆ ನೀರು ಕಟ್ಟುತ್ತದೆ.

ತೊಲೆಯೋ ಕಮಾನೋ ಅಡ್ಡ ಬಂದು ಇಳಿಜಾರು ಕೊಡಲು ಜಾಗ ಇಲ್ಲ ಅಂದರೆ ಪೈಪನ್ನು ಇಳಿಸುತ್ತಾ ಬಂದು, ಅಲ್ಲಿ ನೀರು ಬಸಿಯುವ ಪಾಕೆಟ್ ಕೊಟ್ಟು, ನೇರ ಮೇಲಕ್ಕೆ ಎತ್ತಿ, ಮತ್ತೆ ಹೊಸದಾಗಿ ಇಳಿಜಾರು ಶುರು ಮಾಡಬಹುದು.

ಈ ಪಾಕೆಟ್ ವಿಷಯದಲ್ಲಿ ತುಂಬಾ ಕಡೆ ಎಡವುತ್ತಾರೆ. ಎರಡು ಇಂಚಿನ ಪೈಪಿನ ಹೊಟ್ಟೆಗೆ ಅರ್ಧ ಇಂಚಿನ ತೂತು ಕೊರೆದು ಟ್ರ್ಯಾಪ್ ಹಾಕಿರುತ್ತಾರೆ. ವೇಗವಾಗಿ ಓಡುವ ನೀರು ಆ ಸಣ್ಣ ತೂತಿಗೆ ಬೀಳುವುದೇ ಇಲ್ಲ, ಮೇಲೆ ಹಾರಿಹೋಗುತ್ತದೆ. ಪೈಪ್ ಎರಡು ಇಂಚು ಇದ್ದರೆ ಪಾಕೆಟ್ಟೂ ಎರಡು ಇಂಚು ಅಗಲ ಇರಬೇಕು, ಕನಿಷ್ಠ 10 ಸೆಂಟಿಮೀಟರ್ ಆಳ ಇರಬೇಕು. ಅದರ ಪಕ್ಕದಿಂದ ಟ್ರ್ಯಾಪ್‌ಗೆ ಸಣ್ಣ ಪೈಪ್, ತಳದಲ್ಲಿ ಕಸ ತೆಗೆಯಲು ಒಂದು ವಾಲ್ವ್. ಉದ್ದ ಲೈನಿನಲ್ಲಿ 30ರಿಂದ 50 ಮೀಟರಿಗೊಂದು ಪಾಕೆಟ್, ಜೊತೆಗೆ ಪೈಪ್ ಮೇಲಕ್ಕೆ ಏಳುವ ಪ್ರತಿ ಜಾಗದ ಬುಡದಲ್ಲಿ ಮತ್ತು ಕೊನೆಯಲ್ಲಿ ಒಂದೊಂದು.

ಇನ್ನು ಸಣ್ಣಪುಟ್ಟವು, ಆದರೆ ಫಲ ದೊಡ್ಡದು. ಪಾತ್ರೆಗೆ ಹೋಗುವ ಕವಲನ್ನು ಮುಖ್ಯ ಪೈಪಿನ ತಲೆಯಿಂದ ತೆಗೆಯಬೇಕು. ಹೊಟ್ಟೆಯಿಂದ ತೆಗೆದರೆ ಲೈನಿನ ನೀರೆಲ್ಲ ಆ ಪಾತ್ರೆಗೇ ಸುರಿಯುತ್ತದೆ. ಪೈಪ್ ಸಣ್ಣದಾಗುವ ಕಡೆ ತಳ ಚಪ್ಪಟೆ ಇರುವ ರೆಡ್ಯೂಸರ್ ಹಾಕಿಸಿ. ನಡು ಮಟ್ಟದ ರೆಡ್ಯೂಸರ್ ಮುಂದೆ ನೀರು ನಿಲ್ಲುತ್ತದೆ. ಸ್ಟೀಮ್ ಲೈನಿನ ಜಾಲರಿ, ಅಂದರೆ ಸ್ಟ್ರೈನರ್, ಅದರ ಹೊಟ್ಟೆ ಕೆಳಗೆ ನೋಡದೆ ಪಕ್ಕಕ್ಕೆ ಮಲಗಿರಲಿ.

ಟ್ರ್ಯಾಪ್: ಒಂದು ಪಾತ್ರೆಗೆ ಒಂದು

ಟ್ರ್ಯಾಪ್ ಮಾಡುವ ಕೆಲಸ ಇಷ್ಟೇ: ನೀರು ಬಂದರೆ ಹೊರಗೆ ಬಿಡಬೇಕು, ಸ್ಟೀಮ್ ಬಂದರೆ ತಡೆಯಬೇಕು. ಎರಡು ಗೋಡೆಯ ನಡುವೆ ಸ್ಟೀಮ್ ತುಂಬುವ ಜಾಕೆಟ್ ಪಾತ್ರೆಗೆ ಇದು ಪ್ರಾಣ ಇದ್ದಂತೆ.

ಖರ್ಚು ಉಳಿಸಲು ಮೂರು ನಾಲ್ಕು ಪಾತ್ರೆಯ ನೀರಿನ ಪೈಪನ್ನು ಸೇರಿಸಿ ಕೊನೆಗೆ ಒಂದೇ ಟ್ರ್ಯಾಪ್ ಹಾಕಿರುವುದನ್ನು ನೀವೂ ನೋಡಿರಬಹುದು. ಅಸಮ ಬಿಸಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಒಂದು ಪಾತ್ರೆಯಲ್ಲಿ ತಣ್ಣೀರು ಇದ್ದರೆ ಅದರ ಜಾಕೆಟ್ ಪ್ರೆಷರ್ ಕಮ್ಮಿ. ಪಕ್ಕದ್ದು ಆಗಲೇ ಕುದಿಯುತ್ತಿದ್ದರೆ ಅದರ ಪ್ರೆಷರ್ ಜಾಸ್ತಿ. ಜಾಸ್ತಿ ಇರುವುದು ಗೆದ್ದು, ಟ್ರ್ಯಾಪ್ ಬಾಯಿಗೆ ಸ್ಟೀಮ್ ತಂದು ನಿಲ್ಲಿಸುತ್ತದೆ. ಟ್ರ್ಯಾಪ್ ಮುಚ್ಚುತ್ತದೆ. ಕಮ್ಮಿ ಪ್ರೆಷರ್ ಪಾತ್ರೆಯ ನೀರು ಒಳಗೇ ಉಳಿಯುತ್ತದೆ. ಬಿಸಿ ಬೇಕಾದ ಪಾತ್ರೆಗೇ ಬಿಸಿ ಸಿಗುವುದಿಲ್ಲ. ಪ್ರತಿ ಪಾತ್ರೆಗೂ ಅದರದೇ ಟ್ರ್ಯಾಪ್ ಹಾಕಿಸಿ, ಟ್ರ್ಯಾಪ್ ದಾಟಿದ ಮೇಲೆ ನೀರು ಹಿಂದೆ ಬಾರದ ಹಾಗೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ ಹಾಕಿಸಿ, ಆಮೇಲೆ ಒಂದೇ ಪೈಪಿಗೆ ಸೇರಿಸಬಹುದು. ಹಣ ಎಲ್ಲಾದರೂ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ.

ಜಾಕೆಟ್ ಪಾತ್ರೆಗೆ ಚೆಂಡು ಇರುವ ಫ್ಲೋಟ್ ಟ್ರ್ಯಾಪ್ ಒಳ್ಳೆಯದು. ನೀರು ಬಂದಂತೆ ಬಿಡುತ್ತಲೇ ಇರುತ್ತದೆ. ಅದರೊಳಗೇ ಗಾಳಿ ಬಿಡುವ ಪುಟ್ಟ ವೆಂಟ್ ಇರುವ ಮಾದರಿಯನ್ನೇ ಕೇಳಿ. ಮುಖ್ಯ ಲೈನಿನ ಪಾಕೆಟ್‌ಗಳಿಗೆ ತಟ್ಟೆ ಇರುವ ಟಿಡಿ ಟ್ರ್ಯಾಪ್ ಸಾಕು. ಬಗ್ಗಿಸುವ ಪಾತ್ರೆಗಳಲ್ಲಿ ನೀರನ್ನು ಒಳಗಿನ ಕೊಳವೆಯಿಂದ ಮೇಲೆ ಎಳೆದು ಹೊರಗೆ ಬಿಡುತ್ತಾರೆ. ಆ ಕೊಳವೆಯಲ್ಲೇ ಸ್ಟೀಮ್ ಸಿಕ್ಕಿಕೊಂಡು ಟ್ರ್ಯಾಪ್ ಮುಚ್ಚಿಬಿಡಬಹುದು. ಅಂಥ ಪಾತ್ರೆಗೆ ಸ್ಟೀಮ್ ಲಾಕ್ ರಿಲೀಸ್ ಇರುವ ಟ್ರ್ಯಾಪ್ ಬೇಕು.

ಟ್ರ್ಯಾಪ್ ಬದುಕಿದೆಯಾ ಅಂತ ನೋಡುವುದು ಕಷ್ಟವಲ್ಲ. ಉದ್ದನೆಯ ಸ್ಕ್ರೂ ಡ್ರೈವರ್ ತುದಿಯನ್ನು ಟ್ರ್ಯಾಪ್ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿ. ಟಿಡಿ ಟ್ರ್ಯಾಪ್ ಆಗಾಗ ಟಕ್ ಅಂತ ತೆರೆದು ಮುಚ್ಚುತ್ತಿದ್ದರೆ ಸರಿ. ಬಿಡದೆ ಗಡಗಡ ಅನ್ನುತ್ತಿದ್ದರೆ ಸವೆದಿದೆ. ಟ್ರ್ಯಾಪ್ ತಣ್ಣಗಿದ್ದರೆ ಮುಚ್ಚಿಹೋಗಿದೆ, ಅಥವಾ ಅದರ ಮುಂದಿನ ಜಾಲರಿ ಕಟ್ಟಿದೆ. ಮೊದಲು ಜಾಲರಿ ಬಿಚ್ಚಿ ತೊಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಪಾತ್ರೆ ಸರಿಹೋಗುತ್ತದೆ. ಟ್ರ್ಯಾಪ್ ಬಾಯಿಂದ ಸ್ವಲ್ಪ ಬಿಳಿ ಹಬೆ ಬರುವುದು ಸಹಜ, ಬಿಸಿನೀರು ಹೊರಗೆ ಬಂದಾಗ ಅದರ ಒಂದಂಶ ಆವಿಯಾಗಲೇಬೇಕು. ಆದರೆ ಬಾಯಿ ಹತ್ತಿರ ಕಾಣದ ಖಾಲಿ ಬಿಟ್ಟು ಆಮೇಲೆ ಬಿಳಿಯಾಗಿ ರಭಸದಿಂದ ಚಿಮ್ಮುತ್ತಿದ್ದರೆ ಅದು ನಿಜವಾದ ಸ್ಟೀಮ್, ನಿಮ್ಮ ಸೌದೆಯೋ ಡೀಸೆಲ್ಲೋ ಹಾಗೇ ಹೊರಗೆ ಹೋಗುತ್ತಿದೆ.

ಟ್ರ್ಯಾಪ್ ಆದ ಮೇಲೆ ನೀರು ಕೆಳಗೆ ಇಳಿದು ಹೋಗಲಿ. ಕೆಲವರು ಅದನ್ನು ಮೇಲಕ್ಕೆ ಎತ್ತಿ ಸೂರಿನ ಪೈಪಿಗೆ ಸೇರಿಸುತ್ತಾರೆ. ಒಂದು ಮೀಟರ್ ಎತ್ತಲು ಸುಮಾರು 0.1 ಬಾರ್ ಬೇಕು. ಮೂರು ಮೀಟರ್ ಅಂದರೆ 0.3 ಬಾರ್. ತಣ್ಣನೆಯ ಪಾತ್ರೆ ಶುರುವಾಗುವಾಗ ಜಾಕೆಟ್‌ನಲ್ಲಿ ಅಷ್ಟೂ ಪ್ರೆಷರ್ ಇರುವುದಿಲ್ಲ. ನೀರು ಅಲ್ಲೇ ನಿಲ್ಲುತ್ತದೆ.

ಗಾಳಿಗೆ ದಾರಿ

ಇದಕ್ಕೆ ಖರ್ಚು ಕಮ್ಮಿ, ಫಲ ಬೇಗ. ಮುಖ್ಯ ಲೈನಿನ ಕಟ್ಟಕಡೆಯಲ್ಲಿ, ಪೈಪಿನ ಮೇಲ್ಭಾಗದಿಂದ, ಒಂದು ತಾನಾಗಿಯೇ ಕೆಲಸ ಮಾಡುವ ಏರ್ ವೆಂಟ್ ಹಾಕಿಸಿ. ತಣ್ಣಗಿರುವ ತನಕ ತೆರೆದಿದ್ದು ಗಾಳಿ ಬಿಡುತ್ತದೆ, ಸ್ಟೀಮ್ ಬಿಸಿ ತಾಗಿದ ಕೂಡಲೇ ಮುಚ್ಚುತ್ತದೆ. ಜಾಕೆಟ್ ಪಾತ್ರೆಯಲ್ಲಿ ಸ್ಟೀಮ್ ಒಳಬರುವ ಬಾಯಿಗೆ ಎದುರು ತುದಿಯಲ್ಲಿ ಇಂಥದ್ದೇ ಒಂದು ಬೇಕು. ಸ್ಟೀಮ್ ಬಾಯಿ ಪಕ್ಕದಲ್ಲೇ ವೆಂಟ್ ಹಾಕಿದರೆ ಉಪಯೋಗವಿಲ್ಲ. ವೆಂಟ್ ಸಿಗುವ ತನಕ ಅಲ್ಲೊಂದು ಸಣ್ಣ ವಾಲ್ವ್ ಇಟ್ಟು, ಬೆಳಿಗ್ಗೆ ಶುರುವಿನಲ್ಲಿ ಬಿಸಿ ಸ್ಟೀಮ್ ಬರುವ ತನಕ ಕೈಯಲ್ಲೇ ತೆರೆದಿಡಬಹುದು. ಅದರ ಬಾಯಿ ಯಾರ ಮೈಗೂ ತಾಗದ ಹಾಗೆ ನೆಲದ ಕಡೆ ತಿರುಗಿರಲಿ.

ನೇರ ಸ್ಟೀಮ್ ಬಿಡುವ ಪಾತ್ರೆಗಳು

ನಮ್ಮ ಹಾಸ್ಟೆಲ್‌ಗಳಲ್ಲಿ ಅನ್ನ, ಬೇಳೆಗೆ ಹೆಚ್ಚಾಗಿ ಸ್ಟೀಮನ್ನು ಪಾತ್ರೆಯ ತಳದಿಂದ ನೇರವಾಗಿ ಒಳಗೆ ಬಿಡುತ್ತಾರೆ. ಇಲ್ಲಿ ಟ್ರ್ಯಾಪ್ ಇಲ್ಲ. ಆದರೆ ತೊಂದರೆ ಬೇರೆ ಥರ.

ಅಡುಗೆ ಆಯಿತು ಅಂತ ವಾಲ್ವ್ ಮುಚ್ಚಿದ ಕೂಡಲೇ ಪೈಪಿನಲ್ಲಿ ಉಳಿದ ಸ್ಟೀಮ್ ನೀರಾಗಿ ಕುಗ್ಗುತ್ತದೆ. ಒಳಗೆ ಖಾಲಿ ಹುಟ್ಟುತ್ತದೆ. ಆ ಖಾಲಿ ಜಾಗ, ಪಾತ್ರೆಯಲ್ಲಿರುವ ಗಂಜಿಯನ್ನೋ ಸಾಂಬಾರನ್ನೋ ಪೈಪಿನೊಳಗೆ ಎಳೆದುಕೊಳ್ಳುತ್ತದೆ. ಅದು ಒಣಗಿ, ತೂತುಗಳನ್ನು ಕಟ್ಟುತ್ತದೆ. ಕೆಲವು ತಿಂಗಳಲ್ಲಿ ಅರ್ಧ ತೂತು ಮುಚ್ಚಿದ ಪಾತ್ರೆ ನಿಧಾನವಾಗುತ್ತದೆ. ಅಷ್ಟೇ ಅಲ್ಲ, ನಿನ್ನೆಯ ಗಂಜಿ ಪೈಪಿನಲ್ಲಿ ಹಳಸಿ ಇವತ್ತಿನ ಅನ್ನಕ್ಕೆ ಬರುತ್ತದೆ. ಮಕ್ಕಳು ತಿನ್ನುವ ಅನ್ನ ಅದು. ಹಾಗಾಗಿ ಪ್ರತಿ ಪಾತ್ರೆಯ ಕವಲಿಗೆ ಎನ್‌ಆರ್‌ವಿ ಮತ್ತು ಅದರ ಮುಂದೆ ಗಾಳಿ ಒಳಗೆ ಬಿಡುವ ವ್ಯಾಕ್ಯೂಮ್ ಬ್ರೇಕರ್ ಹಾಕಿಸಿ. ದಿನಾ ಕೊನೆಗೆ ಪಾತ್ರೆ ತೊಳೆದು, ಸ್ವಚ್ಛ ನೀರು ಹಾಕಿ, ಸ್ವಲ್ಪ ಹೊತ್ತು ಸ್ಟೀಮ್ ಬಿಟ್ಟು ತೂತು ಶುದ್ಧ ಮಾಡಿ. ತೂತಿನ ತಟ್ಟೆ ಬಿಚ್ಚಲು ಬರುವುದಾದರೆ ವಾರಕ್ಕೊಮ್ಮೆ ಬಿಚ್ಚಿ ಉಜ್ಜಿ.

ಇಲ್ಲಿ ಸ್ಟೀಮ್ ಆದ ನೀರೆಲ್ಲ ಅಡುಗೆಗೇ ಸೇರುತ್ತದೆ. 100 ಲೀಟರ್ ನೀರನ್ನು ಕುದಿಗೆ ತರಲು ಸುಮಾರು 14 ಕಿಲೋ ಸ್ಟೀಮ್ ಬೇಕು, ಅಂದರೆ 14 ಲೀಟರ್ ನೀರು ತಾನಾಗಿಯೇ ಬರುತ್ತದೆ. ಅನುಭವಿ ಅಡುಗೆಯವರು ಎಸರಿಗೆ ಅಷ್ಟು ಕಮ್ಮಿ ಇಡುತ್ತಾರೆ. ಆದರೆ ಲೈನಿನಲ್ಲಿ ನಿಂತ ನೀರೂ ಬಂದು ಬಿದ್ದರೆ ಲೆಕ್ಕ ತಪ್ಪುತ್ತದೆ. ಒಂದೇ ಅಕ್ಕಿ, ಒಂದೇ ಅಳತೆ, ಆದರೂ ಒಂದು ಪಾತ್ರೆಯ ಅನ್ನ ಉದುರು, ಇನ್ನೊಂದರದ್ದು ಮುದ್ದೆಯಾದರೆ ಅಡುಗೆಯವರನ್ನು ಬೈಯುವ ಮುಂಚೆ ಆ ಕವಲಿನ ನೀರು ಬಸಿಯುವ ವ್ಯವಸ್ಥೆ ನೋಡಿ.

ಬಾಯ್ಲರ್ ಸಾಲುತ್ತದೆಯಾ? ಪೈಪ್ ಸಾಲುತ್ತದೆಯಾ?

ಲೆಕ್ಕ ಸರಳ. 100 ಲೀಟರಿನ ಒಂದು ಪಾತ್ರೆ 20 ನಿಮಿಷದಲ್ಲಿ ಕುದಿ ಬರಬೇಕು ಅಂದರೆ 14 ಕಿಲೋ ಸ್ಟೀಮ್ 20 ನಿಮಿಷಕ್ಕೆ, ಗಂಟೆಗೆ 42 ಕಿಲೋ ಲೆಕ್ಕ. ಐದು ಪಾತ್ರೆ ಒಟ್ಟಿಗೆ ತೆರೆದರೆ ಗಂಟೆಗೆ 210 ಕಿಲೋ. ನಿಮ್ಮ ಬಾಯ್ಲರ್ ಮೇಲೆ ಗಂಟೆಗೆ 100 ಕಿಲೋ ಅಂತ ಬರೆದಿದ್ದರೆ ಯಾವ ರಿಪೇರಿಯೂ ಅದನ್ನು 210 ಮಾಡುವುದಿಲ್ಲ. ಆದರೆ ಹೊಸ ಬಾಯ್ಲರ್ ಕೊಳ್ಳುವ ಮುಂಚೆ ಹೊತ್ತು ಹಂಚಿ ನೋಡಿ. ಮೊದಲು ಬೇಳೆ, ಅದು ಕುದಿ ಬಂದ ಮೇಲೆ ವಾಲ್ವ್ ಕಮ್ಮಿ ಮಾಡಿ ಅನ್ನದ ಪಾತ್ರೆಗಳು, ಆಮೇಲೆ ಪಲ್ಯ. ಕುದಿ ಬಂದ ಪಾತ್ರೆಗೆ ಬೇಕಾದ ಸ್ಟೀಮ್ ಮೊದಲಿನದಕ್ಕಿಂತ ತೀರಾ ಕಮ್ಮಿ. ಹಾಗಿದ್ದೂ ಪೂರ್ತಿ ತೆರೆದೇ ಬಿಡುತ್ತಾರೆ. ಕುದಿಯುವ ಪಾತ್ರೆಯ ವಾಲ್ವ್ ಕುಗ್ಗಿಸುವ ಅಭ್ಯಾಸ ಒಂದರಿಂದಲೇ ಎಷ್ಟೋ ಮೆಸ್‌ಗಳ ದೂರು ತೀರುತ್ತದೆ.

ಪೈಪಿಗೆ ಅಂದಾಜು ಹೇಳುವುದಾದರೆ, 1 ಬಾರ್‌ನಲ್ಲಿ ಗಂಟೆಗೆ 100 ಕಿಲೋಗೆ ಒಂದೂವರೆ ಇಂಚು, 200 ಕಿಲೋಗೆ ಎರಡು ಇಂಚು, ಒಂದು ಪಾತ್ರೆಯ ಕವಲಿಗೆ ಒಂದು ಇಂಚು. ಐದು ಪಾತ್ರೆಗೆ ಒಂದು ಇಂಚಿನ ಮುಖ್ಯ ಪೈಪ್ ಇದ್ದರೆ ಕೊನೆಯವರಿಗೆ ಏನೂ ಸಿಗದಿರುವುದು ಆಶ್ಚರ್ಯವಲ್ಲ. ಪಾತ್ರೆಗಳು ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನನ್ನ ಸಲಹೆ ಹೆಡರ್: ಬಾಯ್ಲರ್‌ನಿಂದ ಬಂದ ಪೈಪ್ ಒಂದು ದಪ್ಪ ಕೊಳವೆಗೆ ಸೇರಲಿ, ಅಲ್ಲಿಂದ ಒಂದೊಂದು ಪಾತ್ರೆಗೂ ಬೇರೆ ಬೇರೆ ಕವಲು ಹೋಗಲಿ. ಒಂದರ ಬಾಲ ಒಂದು ಹಿಡಿದ ಲೈನಿಗಿಂತ ಇದು ಎಷ್ಟೋ ವಾಸಿ.

ಬಾಯ್ಲರ್ ನೀರು

ಭದ್ರಾ ನಾಲೆ ಅಥವಾ ತುಂಗಭದ್ರೆಯ ನಲ್ಲಿ ನೀರು ಇದ್ದಾಗ ಸರಿ. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಗೆ ಇಳಿದರೆ ತೊಂದರೆ ಶುರು. ಚಿತ್ರದುರ್ಗದ ಕಡೆ ಬೋರ್ ನೀರು ಇನ್ನೂ ಗಡಸು. ಆ ಸುಣ್ಣ ಬಾಯ್ಲರ್ ಒಳಗೆ ಚಕ್ಕೆ ಕಟ್ಟುತ್ತದೆ, ಸ್ಟೀಮ್ ಹುಟ್ಟುವುದು ಕಮ್ಮಿಯಾಗುತ್ತದೆ. ನೀರಿನಲ್ಲಿ ಲವಣ ಜಾಸ್ತಿಯಾದರೆ ನೊರೆ ಎದ್ದು ಸ್ಟೀಮ್ ಜೊತೆ ನೀರೂ ಲೈನಿಗೆ ಹಾರುತ್ತದೆ. ಆಗ ಎಷ್ಟು ಒಳ್ಳೆ ಪಾಕೆಟ್ ಇದ್ದರೂ ಸಾಲದು.

ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿ, ಅದಕ್ಕೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕಿ ಅದರೊಳಗಿನ ರಾಳವನ್ನು ಚೇತರಿಸಿ. ತಯಾರಕರು ಹೇಳಿದ ಹಾಗೆ ದಿನಾ ಬ್ಲೋಡೌನ್ (ಬಾಯ್ಲರ್‌ನ ಲವಣ, ಕೆಸರು ಕೂಡಿದ ನೀರನ್ನು ಹೊರಬಿಡುವುದು) ಮಾಡಿಸಿ. ಸ್ಟೀಮ್ ನೇರವಾಗಿ ಅಡುಗೆಗೆ ಹೋಗುವ ಕಡೆ ಬಾಯ್ಲರ್‌ಗೆ ಸಿಕ್ಕ ಸಿಕ್ಕ ಕೆಮಿಕಲ್ ಹಾಕಲೇಬಾರದು. ಆಹಾರಕ್ಕೆ ಹೊಂದುವಂಥದ್ದು ಅಂತ ಬರಹದಲ್ಲಿ ಕೊಟ್ಟರೆ ಮಾತ್ರ ತಗೊಳ್ಳಿ. ಬೆಳಿಗ್ಗೆ ಮುಖ್ಯ ವಾಲ್ವನ್ನು ಒಂದೇ ಸಲ ಪೂರ್ತಿ ತಿರುಗಿಸಿದರೂ ಬಾಯ್ಲರ್ ಪ್ರೆಷರ್ ಕುಸಿದು ನೀರು ಉಕ್ಕಿ ಬರುತ್ತದೆ. ಕಾಲು ಸುತ್ತು ತೆರೆದು, ಲೈನ್ ಬಿಸಿಯಾಗಲು ಕೆಲವು ನಿಮಿಷ ಕೊಟ್ಟು, ಆಮೇಲೆ ಮುಂದೆ.

ಹೊದಿಕೆ

ಬೆತ್ತಲೆ ಪೈಪ್ ಅಡುಗೆಮನೆಯನ್ನು ಕಾಯಿಸುತ್ತದೆ, ಪಾತ್ರೆಯನ್ನಲ್ಲ. ಮೇ ತಿಂಗಳಲ್ಲಿ ಅಲ್ಲಿ ನಿಂತು ರೊಟ್ಟಿ ಬಡಿಯುವವರ ಕಷ್ಟ ನೋಡಿದರೆ ಸಾಕು. ಎಲ್ಲ ಸೋರಿಕೆ, ಇಳಿಜಾರು ಸರಿಯಾದ ಮೇಲೆ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಸುತ್ತಿಸಿ, ಮೇಲೆ ಅಲ್ಯೂಮಿನಿಯಂ ತಗಡು ಹಾಕಿಸಿ. ಅಡುಗೆಮನೆಯಲ್ಲಿ ಹತ್ತಿ ಹಾರಬಾರದು, ಹಾಗಾಗಿ ತಗಡಿನ ಅಂಚು ಚೆನ್ನಾಗಿ ಮುಚ್ಚಿರಲಿ. ಒದ್ದೆಯಾದ ಹೊದಿಕೆ ಇದ್ದೂ ಇಲ್ಲದಂತೆ, ಬದಲಿಸಿ. ಟ್ರ್ಯಾಪ್ ಮತ್ತು ಏರ್ ವೆಂಟ್ ಮಾತ್ರ ಮುಚ್ಚಬೇಡಿ. ಹಳೇ ಕಟ್ಟಡದ ಪೈಪಿನ ಮೇಲೆ ಬೂದು ಬಿಳಿ ಬಣ್ಣದ ಗಾರೆಯಂಥ ಹಳೇ ಹೊದಿಕೆ ಇದ್ದರೆ ಅದನ್ನು ಕೆರೆಯಬೇಡಿ, ಒಡೆಯಬೇಡಿ. ಹಿಂದೆ ಅದಕ್ಕೆ ಆಸ್‌ಬೆಸ್ಟಾಸ್ ಬಳಸುತ್ತಿದ್ದರು. ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತಿಳಿದವರಿಗೆ ತೋರಿಸಿ.

ಯಾವುದು ಮೊದಲು

ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಜಾಲರಿ ತೊಳೆಯುವುದು, ತೂತು ಶುದ್ಧ ಮಾಡುವುದು, ವಾಲ್ವ್ ಕುಗ್ಗಿಸುವ ಅಭ್ಯಾಸ, ಇವು ಈ ವಾರವೇ ಆಗಲಿ, ಖರ್ಚಿಲ್ಲ. ಆಮೇಲೆ ಕ್ಲ್ಯಾಂಪ್ ಎತ್ತಿ ಇಳಿಜಾರು, ಲೈನಿನ ಕೊನೆಗೆ ಪಾಕೆಟ್ ಮತ್ತು ವೆಂಟ್. ದಸರಾ ರಜೆಯಲ್ಲಿ ಮಕ್ಕಳು ಊರಿಗೆ ಹೋದಾಗ ಪ್ರತಿ ಪಾತ್ರೆಗೂ ಟ್ರ್ಯಾಪ್. ಹೆಡರ್ ಮತ್ತು ದೊಡ್ಡ ಪೈಪ್ ಬೇಸಿಗೆ ರಜೆಗೆ. ಬಾಯ್ಲರ್ ಬದಲಿಸುವ ಮಾತು ಇದೆಲ್ಲ ಮುಗಿದ ಮೇಲೆ.

ಒಂದೊಂದು ಕೆಲಸ ಮುಗಿದಾಗಲೂ ಅದೇ 50 ಲೀಟರ್ ಪರೀಕ್ಷೆಯನ್ನು ಮತ್ತೆ ಮಾಡಿ. ಎಲ್ಲ ಒಟ್ಟಿಗೆ ತೆರೆದಾಗಲೂ ಇನ್ನೂ ಸ್ವಲ್ಪ ವ್ಯತ್ಯಾಸ ಉಳಿದರೆ ಬಾಯ್ಲರ್ ಹತ್ತಿರದ ಪಾತ್ರೆಯ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸುತ್ತಾ ಸರಿದೂಗಿಸಿ. ಸರಿಯಾದ ಜಾಗದಲ್ಲಿ ವಾಲ್ವ್ ಚಕ್ರದ ಮೇಲೆ ಬಣ್ಣದ ಗೆರೆ ಎಳೆಯಿರಿ, ಅಡುಗೆಯವರು ಬದಲಾದರೂ ಗೊತ್ತಾಗಲಿ. ಪಾತ್ರೆವಾರು ನಿಮಿಷಗಳನ್ನು ಒಂದು ನೋಟ್‌ಬುಕ್‌ನಲ್ಲಿ ತಿಂಗಳಿಗೊಮ್ಮೆ ಬರೆಯಿರಿ. ಯಾವುದಾದರೂ ಪಾತ್ರೆಯ ಹೊತ್ತು ನಾಲ್ಕೈದು ನಿಮಿಷ ಜಾಸ್ತಿಯಾಗಿದ್ದು ಕಂಡರೆ, ಅಡುಗೆಯವರು ದೂರು ಹೇಳುವ ಮುಂಚೆಯೇ ಅದರ ಜಾಲರಿ ಮತ್ತು ಟ್ರ್ಯಾಪ್ ಬಿಚ್ಚಿಸಿ ನೋಡಿ.